ಬಯಲಲ್ಲಿ ಸಿನಿಮಾ: ಪ್ರೊಜೆಕ್ಟರ್ ಬದಲಿಸುವ ಮುಂಚೆ ಕತ್ತಲೆ ಅಳೆಯಿರಿ

ಪ್ರಶ್ನೆ: ಮನೆಯ ಹಿಂದಿನ ಅಂಗಳದಲ್ಲಿ ತಿಂಗಳಿಗೊಂದು ರಾತ್ರಿ ಎಲ್ಲರೂ ಕೂತು ಸಿನಿಮಾ ನೋಡೋಣ ಅಂತ ಶುರು ಮಾಡಿದ್ದೇವೆ. ಸುಮಾರು 25 ಜನ ಸೇರುತ್ತಾರೆ. ಡಬ್ಬದ ಮೇಲೆ ‘9,000 ಲ್ಯೂಮೆನ್’ ಎಂದು ಬರೆದಿದ್ದ ಚಿಕ್ಕ ಎಲ್‌ಇಡಿ ಪ್ರೊಜೆಕ್ಟರ್ ತಂದೆವು. ಹಗ್ಗಕ್ಕೆ ಬಿಳಿ ಬೆಡ್‌ಶೀಟ್ ಕಟ್ಟಿ 150 ಇಂಚಿಗೆ ಚಿತ್ರ ಬಿಟ್ಟೆವು. ಬ್ಲೂಟೂತ್ ಸ್ಪೀಕರನ್ನು ಪರದೆಯ ಕೆಳಗೆ ನೆಲದ ಮೇಲಿಟ್ಟೆವು. ಚಿತ್ರ ಸಪ್ಪೆಯಾಗಿತ್ತು, ರಾತ್ರಿಯ ದೃಶ್ಯಗಳಲ್ಲಿ ಏನೂ ಕಾಣಲಿಲ್ಲ. ಮಾತು ತುಟಿಗೆ ಕೂಡಲಿಲ್ಲ. ಹಿಂದೆ ಕೂತವರು ಕೇಳಿಸುತ್ತಿಲ್ಲ ಅಂದರು, ಮುಂದೆ ಕೂತವರು ಕಿವಿ ಮುಚ್ಚಿಕೊಂಡರು. ಗಾಳಿ ಬಂದಾಗಲೆಲ್ಲ ನಾಯಕನ ಮುಖ ಉಬ್ಬುತ್ತಿತ್ತು. ಇನ್ನೂ ದೊಡ್ಡ ಪ್ರೊಜೆಕ್ಟರ್ ತೆಗೆದುಕೊಳ್ಳಬೇಕಾ? ಸ್ಪೀಕರ್ ಯಾವುದು ಒಳ್ಳೆಯದು?

ಉತ್ತರ: ಸದ್ಯಕ್ಕೆ ಪ್ರೊಜೆಕ್ಟರ್ ಕೊಳ್ಳಬೇಡಿ. ನಿಮ್ಮ ದೂರುಗಳನ್ನು ಎಣಿಸಿ ನೋಡಿದೆ. ಚಿತ್ರ ಸಪ್ಪೆ, ತುಟಿಗೆ ಮಾತು ಕೂಡದ್ದು, ಹಿಂದಿನವರಿಗೆ ಕೇಳದ್ದು, ಗಾಳಿಗೆ ಪರದೆ ಉಬ್ಬಿದ್ದು. ಇವುಗಳಲ್ಲಿ ಮೊದಲನೆಯದರಲ್ಲಿ ಮಾತ್ರ ಪ್ರೊಜೆಕ್ಟರ್‌ನ ಪಾಲಿದೆ, ಅದೂ ಪೂರ್ತಿ ಅಲ್ಲ. ಬಯಲಿನಲ್ಲಿ ಸಿನಿಮಾ ತೋರಿಸಲು ಹೊರಟವರು ಬಹುತೇಕ ಇದೇ ಕ್ರಮದಲ್ಲಿ ದುಡ್ಡು ಸುರಿಯುತ್ತಾರೆ: ಪ್ರೊಜೆಕ್ಟರ್, ಅದಕ್ಕಿಂತ ದೊಡ್ಡ ಪ್ರೊಜೆಕ್ಟರ್, ಕೊನೆಗೆ ಸ್ಪೀಕರ್. ನಾನು ಹೇಳುವ ಕ್ರಮ ತಿರುಗುಮುರುಗು. ಮೊದಲು ಕತ್ತಲೆ, ಆಮೇಲೆ ಮಾತು, ಅದಾದ ಮೇಲೆ ಪರದೆ. ಅಷ್ಟಾದರೂ ಸಾಲದು ಅನ್ನಿಸಿದರೆ ಪ್ರೊಜೆಕ್ಟರ್.

ಕಪ್ಪು ಎಲ್ಲಿಂದ ಬರುತ್ತದೆ?

ಪ್ರೊಜೆಕ್ಟರ್‌ಗೆ ಬೆಳಕು ಬಿಡಲು ಬರುತ್ತದೆ, ಕಪ್ಪು ಬಿಡಲು ಬರುವುದಿಲ್ಲ. ಪರದೆಯ ಮೇಲೆ ನಾವು ಕಪ್ಪು ಅಂದುಕೊಳ್ಳುವುದು ಬೆಳಕು ಬೀಳದೆ ಉಳಿದ ಬಿಳಿ ಬಟ್ಟೆಯನ್ನೇ. ಆ ಜಾಗದಲ್ಲಿ ಬೀದಿದೀಪದ ಬೆಳಕು ಬಿದ್ದರೆ ಬಟ್ಟೆ ಬೂದುಬಣ್ಣವಾಗಿ ಕಾಣುತ್ತದೆ. ನಿಮ್ಮ ಸಿನಿಮಾದ ಕಪ್ಪು ಅಷ್ಟೇ, ಅದಕ್ಕಿಂತ ಕಪ್ಪಾಗಲು ಸಾಧ್ಯವೇ ಇಲ್ಲ. ರಾತ್ರಿಯ ದೃಶ್ಯಗಳಲ್ಲಿ ಏನೂ ಕಾಣದೆ ಹೋದದ್ದು ಇದರಿಂದಲೇ.

ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದಲ್ಲ. ಡಿಜಿಟಲ್ ಸಿನಿಮಾ ಮಂದಿರದ ಪರದೆಯ ಬಿಳಿ 48 ನಿಟ್ (ಕಣ್ಣಿಗೆ ಕಾಣುವ ಹೊಳಪಿನ ಅಳತೆ) ಹೊಳಪಿರಬೇಕು ಎಂದು ನಿಯಮವಿದೆ. ಸಾಧಾರಣ ಬಿಳಿ ಪರದೆಯಲ್ಲಿ ಅಷ್ಟು ಹೊಳಪು ಬರಬೇಕಾದರೆ ಅದರ ಮೇಲೆ ಸುಮಾರು 150 ಲಕ್ಸ್ ಬೆಳಕು ಬೀಳಬೇಕು (1 ಲಕ್ಸ್ ಅಂದರೆ ಚದರ ಮೀಟರಿಗೆ 1 ಲ್ಯೂಮೆನ್ ಬೆಳಕು). ಈಗ ಅದೇ ಪರದೆಯ ಮೇಲೆ ಪಕ್ಕದ ದೀಪದಿಂದ 10 ಲಕ್ಸ್ ಬೀಳುತ್ತಿದೆ ಅಂದುಕೊಳ್ಳಿ. ಆಗ ಬಿಳಿ 160, ಕಪ್ಪು 10. ಅಂದರೆ ಬಿಳಿ ಕಪ್ಪಿಗಿಂತ ಬರೀ 16 ಪಟ್ಟು ಹೊಳಪು. ಡಬ್ಬದ ಮೇಲೆ ಕಾಂಟ್ರಾಸ್ಟ್ ಎಷ್ಟು ಸಾವಿರ ಎಂದು ಬರೆದಿದ್ದರೂ ಅಂಗಳದಲ್ಲಿ ನಿಮಗೆ ಸಿಗುವುದು 16. ಆ ಒಂದು ದೀಪ ಆರಿಸಿ ಬೆಳಕನ್ನು 1 ಲಕ್ಸ್‌ಗೆ ಇಳಿಸಿದರೆ ಅದೇ ಪ್ರೊಜೆಕ್ಟರ್‌ನಲ್ಲಿ 150 ಪಟ್ಟು ಆಗುತ್ತದೆ. ಪ್ರೊಜೆಕ್ಟರ್ ಬೆಳಕನ್ನು ಹತ್ತು ಪಟ್ಟು ಹೆಚ್ಚಿಸಿ ಸಿಗುವುದನ್ನು ಒಂದು ಸ್ವಿಚ್ ಕೊಡುತ್ತದೆ. ಇಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಹುಣ್ಣಿಮೆಗೆ ಹೆದರಬೇಕಿಲ್ಲ. ನೆತ್ತಿಯ ಮೇಲಿನ ಪೂರ್ಣಚಂದ್ರ ಕೊಡುವುದು ಕಾಲು ಲಕ್ಸ್ ಆಸುಪಾಸು. ನಿಜವಾದ ಶತ್ರುಗಳು ಬೇರೆ: ಮೆಟ್ಟಿಲ ದೀಪ, ಗೇಟಿನ ದೀಪ, ಅಡುಗೆಮನೆ ಕಿಟಕಿ, ಯಾರಾದರೂ ಓಡಾಡಿದರೆ ತಾನಾಗಿ ಹೊತ್ತಿಕೊಳ್ಳುವ ಸೆನ್ಸರ್ ದೀಪ.

ಹೀಗೆ ಪರೀಕ್ಷೆ ಮಾಡಿ. ಕತ್ತಲಾದ ಮೇಲೆ ಪರದೆ ಬರುವ ಜಾಗದಲ್ಲಿ ಒಂದು ಬಿಳಿ ಹಾಳೆ ಹಿಡಿಯಿರಿ, ಮುಖ ನೋಡುಗರ ಕಡೆಗಿರಲಿ. ಅದರ ಮುಂದೆ ಇನ್ನೊಂದು ಕೈ ಅಡ್ಡ ಹಿಡಿಯಿರಿ. ಕೈಯ ನೆರಳು ಬಿತ್ತಾ? ನೆರಳು ಯಾವ ಕಡೆ ಬಿತ್ತೋ ಅದರ ಎದುರು ಕಡೆ ತಿರುಗಿ ನೋಡಿದರೆ ದೀಪ ಸಿಗುತ್ತದೆ. ಅದನ್ನು ಆರಿಸಿ, ಇಲ್ಲವೇ ಮರೆ ಮಾಡಿ. ಮತ್ತೆ ಹಾಳೆ ಹಿಡಿಯಿರಿ. ನೆರಳು ಮಾಯವಾಗುವವರೆಗೂ ಇದೇ ಕೆಲಸ. (ಚಂದ್ರನೂ ನೆರಳು ಬೀಳಿಸುತ್ತಾನೆ, ಅವನನ್ನು ಬಿಟ್ಟುಬಿಡಿ.) ಆರಿಸಲು ಆಗದ ಬೀದಿದೀಪ ಇದ್ದರೆ ಪರದೆಯನ್ನೇ ತಿರುಗಿಸಿ, ದೀಪಕ್ಕೆ ಅದರ ಬೆನ್ನು ಬರಬೇಕು. ಬಟ್ಟೆ ತೆಳುವಾಗಿದ್ದರೆ ಹಿಂದಿನಿಂದಲೂ ಬೆಳಕು ತೂರುತ್ತದೆ, ಆದ್ದರಿಂದ ಬೆನ್ನಿಗೆ ಕಪ್ಪು ಬಟ್ಟೆ ಕಟ್ಟಿ. ಓಡಾಡುವ ದಾರಿಗೆ ದೀಪ ಬೇಕೇ ಬೇಕು ಅಂದರೆ ಮೊಣಕಾಲಿಗಿಂತ ಕೆಳಗೆ, ನೆಲಕ್ಕೆ ಮುಖ ಮಾಡಿ ಇಡಿ.

ಶುರು ಮಾಡುವ ಹೊತ್ತನ್ನೂ ಇದೇ ಲೆಕ್ಕ ಹೇಳುತ್ತದೆ. ಸೂರ್ಯ ಮುಳುಗಿದ ಕ್ಷಣದಲ್ಲಿ ಬಯಲಿನಲ್ಲಿ ಇನ್ನೂ 400 ಲಕ್ಸ್‌ನಷ್ಟು ಬೆಳಕಿರುತ್ತದೆ. ಅದು ನಿಮ್ಮ ಪ್ರೊಜೆಕ್ಟರ್ ಪರದೆಗೆ ಕೊಡುವುದಕ್ಕಿಂತ ಜಾಸ್ತಿ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿದಾಗ 3 ಲಕ್ಸ್ ಚಿಲ್ಲರೆ ಉಳಿಯುತ್ತದೆ. ಭೂಮಧ್ಯರೇಖೆಯ ಹತ್ತಿರ ಇದಕ್ಕೆ 20–25 ನಿಮಿಷ ಸಾಕು, ಉತ್ತರಕ್ಕೋ ದಕ್ಷಿಣಕ್ಕೋ ಹೋದಷ್ಟೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಬಿಟ್ಟು ಶುರು ಮಾಡಿದರೆ ಹೆಚ್ಚಿನ ಕಡೆ ಮೋಸವಿಲ್ಲ. ಮಕ್ಕಳು ಅವಸರ ಮಾಡುತ್ತಾರೆ, ಗೊತ್ತು. ಅವರಿಗೆ ಮೊದಲು ಬಣ್ಣಬಣ್ಣದ ಕಾರ್ಟೂನ್ ಹಾಕಿ. ಅದು ಅರೆಬೆಳಕಿನಲ್ಲೂ ನಡೆಯುತ್ತದೆ.

ಆ 9,000ದ ಕಥೆ

ಲ್ಯೂಮೆನ್ ಎಂಬ ಪದದ ಜೊತೆ ‘ಆನ್ಸಿ’ ಅಥವಾ ‘ಐಎಸ್‌ಒ’ ಎಂಬ ಅಳತೆ ಪದ್ಧತಿಯ ಹೆಸರು ಇಲ್ಲದಿದ್ದರೆ ಆ ಅಂಕಿಯನ್ನು ನಂಬಬೇಡಿ. ಆನ್ಸಿ ಪದ್ಧತಿಯಲ್ಲಿ ಬಿಳಿ ಚಿತ್ರ ಬಿಟ್ಟು, ಪರದೆಯ ಒಂಬತ್ತು ಕಡೆ ಬೆಳಕು ಅಳೆದು, ಸರಾಸರಿ ತೆಗೆಯುತ್ತಾರೆ. ಅಂದರೆ ಲೆನ್ಸ್ ದಾಟಿ ಹೊರಗೆ ಬಂದ ಬೆಳಕಿನ ಲೆಕ್ಕ ಸಿಗುತ್ತದೆ. ಅಗ್ಗದ ಪ್ರೊಜೆಕ್ಟರ್‌ಗಳ ಡಬ್ಬದ ಮೇಲಿನ ಅಂಕಿಗೆ ಇಂಥ ಯಾವ ಅಳತೆಯ ಆಧಾರವೂ ಇರುವುದಿಲ್ಲ. ‘9,000’ ಎಂದು ಬರೆದುಕೊಂಡ ಅಂಗೈ ಅಗಲದ ಪ್ರೊಜೆಕ್ಟರ್ ನಿಜದಲ್ಲಿ ಕೆಲವು ನೂರು ಆನ್ಸಿ ಲ್ಯೂಮೆನ್ ಕೊಟ್ಟರೆ ಅದೇ ದೊಡ್ಡದು. ‘4ಕೆ ಸಪೋರ್ಟ್’ ಎಂಬುದೂ ಇದೇ ಜಾತಿಯ ಮಾತು. 4ಕೆ ಫೈಲನ್ನು ಅದು ತೆರೆಯಬಲ್ಲದು ಎಂದಷ್ಟೇ ಅರ್ಥ, ತೋರಿಸುವುದು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ನೇಟಿವ್ ರೆಸಲ್ಯೂಷನ್ (ಅದು ನಿಜಕ್ಕೂ ತೋರಿಸುವ ಪಿಕ್ಸೆಲ್ ಲೆಕ್ಕ) ಎಷ್ಟು ಎಂದು ಹುಡುಕಿ ಓದಿ.

ಎಷ್ಟು ಲ್ಯೂಮೆನ್ ಬೇಕು ಎಂಬುದಕ್ಕೆ ನನ್ನದೊಂದು ಸುಲಭ ಸೂತ್ರವಿದೆ. ಪರದೆಯ ಅಗಲ, ಎತ್ತರವನ್ನು ಮೀಟರ್‌ನಲ್ಲಿ ಗುಣಿಸಿ, ಬಂದದ್ದನ್ನು 150ರಿಂದ ಗುಣಿಸಿ. 100 ಇಂಚಿನ (ಇದು ಮೂಲೆಯಿಂದ ಮೂಲೆಗೆ ಇರುವ ಕರ್ಣದ ಅಳತೆ) ಅಗಲ ಮಾದರಿಯ ಪರದೆ 2.2 ಮೀಟರ್ ಅಗಲ, 1.25 ಮೀಟರ್ ಎತ್ತರ, ಅಂದರೆ ಸುಮಾರು 2.8 ಚದರ ಮೀಟರ್. ಅದಕ್ಕೆ ಸುಮಾರು 415 ಲ್ಯೂಮೆನ್ ಬೇಕು. 120 ಇಂಚು 4 ಚದರ ಮೀಟರ್, 600 ಲ್ಯೂಮೆನ್. ನಿಮ್ಮ 150 ಇಂಚು 6.2 ಚದರ ಮೀಟರ್, 930 ಲ್ಯೂಮೆನ್. ಇದು ಪರದೆಗೆ ನಿಜಕ್ಕೂ ತಲುಪಬೇಕಾದ ಬೆಳಕು. ಬಣ್ಣ ಸರಿಯಾಗಿ ಕಾಣುವ ಸಿನಿಮಾ ಮೋಡ್‌ಗೆ ಹಾಕಿದರೆ ಪ್ರೊಜೆಕ್ಟರ್ ತನ್ನ ಬೆಳಕಿನ ಒಂದು ಪಾಲನ್ನು ಬಿಟ್ಟುಕೊಡುತ್ತದೆ, ಲ್ಯಾಂಪ್ ಹಳತಾದಂತೆ ಇನ್ನೊಂದು ಪಾಲು ಹೋಗುತ್ತದೆ. ಹಾಗಾಗಿ ಕೊಳ್ಳುವಾಗ ಇದರ ಎರಡರಷ್ಟು ಆನ್ಸಿ ಲ್ಯೂಮೆನ್ ಇರುವುದನ್ನು ನೋಡಿ. 150 ಇಂಚಿಗೆ 1,900 ಹತ್ತಿರ.

ಕರ್ಣ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ, ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಹತ್ತಿರ ನಿಜದಲ್ಲಿ 300 ಲ್ಯೂಮೆನ್ ಇದೆ ಅಂದುಕೊಂಡರೆ 150 ಇಂಚಿನಲ್ಲಿ ಬೇಕಾದ್ದರ ಮೂರನೇ ಒಂದು ಪಾಲೂ ಸಿಕ್ಕಿಲ್ಲ. ಅದನ್ನೇ 100 ಇಂಚಿಗೆ ಇಳಿಸಿದರೆ ಮುಕ್ಕಾಲು ಪಾಲು ಸಿಗುತ್ತದೆ. ಗವ್ವೆನ್ನುವ ಕತ್ತಲಿದ್ದರೆ ಕಣ್ಣು ಅದಕ್ಕೆ ಚೆನ್ನಾಗಿಯೇ ಹೊಂದಿಕೊಳ್ಳುತ್ತದೆ. 25 ಜನಕ್ಕೆ 100 ಇಂಚು ಸಾಲುತ್ತದಾ? ಸಾಲಿಗೆ ಎಂಟು ಜನದಂತೆ ಮೂರು ಸಾಲು ಹಾಕಿ. ಮೊದಲ ಸಾಲು ಪರದೆಯಿಂದ 3 ಮೀಟರ್, ಕೊನೆಯದು ಐದೂವರೆ ಮೀಟರ್. ಅಷ್ಟು ದೂರದಿಂದ ಸಬ್‌ಟೈಟಲ್ ಆರಾಮಾಗಿ ಓದಬಹುದು. ಉಳಿದೊಬ್ಬರು ಹೇಗೂ ಪ್ರೊಜೆಕ್ಟರ್ ಪಕ್ಕ ಕೂರಬೇಕಲ್ಲ!

ಪರದೆ ಮತ್ತು ಗಾಳಿ

ಬೆಡ್‌ಶೀಟ್ ಬೇಡ. ಮುಂದಿನ ಸಲ ಸಿನಿಮಾ ನಡೆಯುತ್ತಿರುವಾಗ ಅದರ ಹಿಂದೆ ಹೋಗಿ ನಿಲ್ಲಿ. ಅಲ್ಲಿಯೂ ಸಿನಿಮಾ ಕಾಣಿಸುತ್ತದೆ, ಅಲ್ವಾ? ಹಾಗೆ ಕಾಣಿಸುವಷ್ಟು ಬೆಳಕೂ ಮುಂದೆ ಕೂತವರಿಗೆ ದಕ್ಕದೆ ಹೋಯಿತು. ಬೆಳಕು ತೂರದ ಬ್ಲ್ಯಾಕ್‌ಔಟ್ ಪರದೆ ಬಟ್ಟೆ ಬಿಳಿ ಬಣ್ಣದಲ್ಲಿ ಸಿಗುತ್ತದೆ, ಅದು ಒಳ್ಳೆಯದು. ಎಳೆದರೆ ಹಿಗ್ಗುವ ಸ್ಪಾಂಡೆಕ್ಸ್ ಬಟ್ಟೆಯನ್ನು ಎರಡು ಪದರ ಮಾಡಿ ಚೌಕಟ್ಟಿಗೆ ಬಿಗಿದರೂ ಆಗುತ್ತದೆ, ಅದರಲ್ಲಿ ಸುಕ್ಕು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಸುಲಭ ಅಂದರೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದ ಸಮತಟ್ಟಾದ ಗೋಡೆ. ಗೋಡೆ ಗಾಳಿಗೆ ಹಾರುವುದಿಲ್ಲ.

ಗಾಳಿಯ ಬಲವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಪರದೆ ಅಂದರೆ ದೋಣಿಯ ಹಾಯಿ ಇದ್ದ ಹಾಗೆ. ಗಂಟೆಗೆ 18 ಕಿಲೋಮೀಟರ್ ವೇಗದ ಗಾಳಿ ಎದುರಿನಿಂದ ಬೀಸಿದರೆ 150 ಇಂಚಿನ ಪರದೆಯ ಮೇಲೆ ಸುಮಾರು 11 ಕಿಲೋ ತೂಕದಷ್ಟು ತಳ್ಳುಬಲ ಬೀಳುತ್ತದೆ. ಗಾಳಿಯ ವೇಗ ಎರಡರಷ್ಟು, ಅಂದರೆ 36 ಆದರೆ, ಬಲ ನಾಲ್ಕರಷ್ಟಾಗಿ 45 ಕಿಲೋ ಮುಟ್ಟುತ್ತದೆ. ಒಬ್ಬ ಹುಡುಗ ಪರದೆಗೆ ಒರಗಿ ನಿಂತ ಹಾಗೆ. ಅದೇ ಗಾಳಿಗೆ 100 ಇಂಚಿನ ಪರದೆಯ ಮೇಲೆ 20 ಕಿಲೋ ಅಷ್ಟೇ. ಪರದೆ ಚಿಕ್ಕದು ಮಾಡಲು ಇದು ಇನ್ನೊಂದು ಕಾರಣ.

ಕಟ್ಟುವಾಗ ನಾಲ್ಕೂ ಬದಿಯನ್ನು ಬಿಗಿಯಿರಿ, ಮೇಲಿನ ಅಂಚು ಮಾತ್ರ ಕಟ್ಟಿ ಬಿಟ್ಟರೆ ಮುಖ ಉಬ್ಬದೆ ಇರುವುದಿಲ್ಲ. ಮೇಲಿನ ಅಂಚಿಗೆ ಗಟ್ಟಿ ಹಗ್ಗ, ಕೆಳಗಿನ ಅಂಚಿಗೆ ಎಲಾಸ್ಟಿಕ್ ಹಗ್ಗ ಹಾಕಿ. ಜೋರು ಗಾಳಿ ಬಂದಾಗ ಕೆಳಗಿನ ಭಾಗ ಸ್ವಲ್ಪ ಬಿಟ್ಟುಕೊಟ್ಟು ಮತ್ತೆ ಬಿಗಿಯಾಗುತ್ತದೆ, ಕಂಬ ಉರುಳುವುದಿಲ್ಲ. ಕಂಬದ ತಲೆಯಿಂದ ಹಿಂದಕ್ಕೂ ಮುಂದಕ್ಕೂ ಓರೆಯಾಗಿ ಹಗ್ಗ ಎಳೆದು ನೆಲಕ್ಕೆ ಗೂಟ ಹೊಡೆಯಿರಿ. ಆ ಹಗ್ಗಗಳಿಗೆ ಬಿಳಿ ಬಟ್ಟೆ ಚೂರು ಕಟ್ಟುವುದನ್ನು ಮರೆಯಬೇಡಿ, ಕತ್ತಲಲ್ಲಿ ಎಡವುವುದು ಅಲ್ಲೇ. ಪರದೆಯಲ್ಲಿ ತೂತು ಕೊರೆದರೆ ಗಾಳಿ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಾಲ್ಕಾರು ತೂತಿನಿಂದ ಏನೂ ಆಗುವುದಿಲ್ಲ, ಪರದೆ ಹಾಳಾಗುವುದಷ್ಟೇ ಲಾಭ. ಗಾಳಿ ತುಂಬುವ ಪರದೆ ತರುವ ಯೋಚನೆ ಇದ್ದರೆ ಒಂದು ಮಾತು: ಹೆಚ್ಚಿನವಕ್ಕೆ ಬ್ಲೋವರ್ ಸಿನಿಮಾ ಮುಗಿಯುವವರೆಗೂ ಓಡುತ್ತಲೇ ಇರಬೇಕು, ಅದರ ಸದ್ದು ಸಿನಿಮಾದ ಮೆಲುಮಾತನ್ನೆಲ್ಲ ನುಂಗುತ್ತದೆ.

ಪರದೆಯ ಕೆಳಗಿನ ಅಂಚು ನೆಲದಿಂದ ಒಂದು ಮೀಟರ್ ಮೇಲಿರಲಿ, ಮುಂದಿನ ತಲೆಗಳು ಅಡ್ಡ ಬರುವುದಿಲ್ಲ.

ಪ್ರೊಜೆಕ್ಟರ್ ಎಲ್ಲಿಡಬೇಕು ಎಂಬುದನ್ನು ಥ್ರೋ ರೇಶಿಯೋ ಹೇಳುತ್ತದೆ. ಪರದೆಯ ಅಗಲವನ್ನು ಆ ಸಂಖ್ಯೆಯಿಂದ ಗುಣಿಸಿದರೆ ದೂರ ಸಿಗುತ್ತದೆ. 1.3 ಎಂದಿದ್ದರೆ 100 ಇಂಚಿಗೆ 2.9 ಮೀಟರ್. ಅಂದರೆ ಸರಿಯಾಗಿ ನಿಮ್ಮ ಮೊದಲ ಸಾಲಿನ ಮಧ್ಯೆ ಬಂತು. ಆ ಸಾಲಿನ ನಡುವೆ ಒಂದು ಜಾಗ ಬಿಟ್ಟು ಗಿಡ್ಡ ಮೇಜಿನ ಮೇಲಿಡಿ. ಓರೆ ಇಟ್ಟು ಕೀಸ್ಟೋನ್‌ನಿಂದ ಸರಿಮಾಡಿಕೊಳ್ಳುವ ಚಾಳಿ ಬೇಡ. ಕೀಸ್ಟೋನ್ ಮಾಡುವುದು ಚಿತ್ರದ ಅಂಚನ್ನು ಕುಗ್ಗಿಸುವ ಕೆಲಸ, ಅದರಲ್ಲಿ ಒಂದಷ್ಟು ಪಿಕ್ಸೆಲ್ಲೂ ಬೆಳಕೂ ದಂಡ. ಪ್ರೊಜೆಕ್ಟರನ್ನು ಪರದೆಗೆ ನೇರವಾಗಿ, ಮಟ್ಟಸವಾಗಿ ಇಡಲು ಹತ್ತು ನಿಮಿಷ ಜಾಸ್ತಿ ಹಿಡಿದರೂ ಅದು ಸಾರ್ಥಕ. ಆನ್ ಮಾಡಿ 15 ನಿಮಿಷ ಬಿಟ್ಟು ಫೋಕಸ್ ಇನ್ನೊಮ್ಮೆ ನೋಡಿ. ಬಿಸಿಯಾದ ಮೇಲೆ ಅದು ಸ್ವಲ್ಪ ಕದಲಿರುತ್ತದೆ. ಮುಖ ನೋಡಿ ಫೋಕಸ್ ಮಾಡಬೇಡಿ, ಮೆನುವಿನ ಅಕ್ಷರ ನೋಡಿ ಮಾಡಿ.

ಮಾತು ಕೇಳಬೇಕು

ಇಲ್ಲಿ ನಿಧಾನವಾಗಿ ಓದಿ. ಚಿತ್ರ ಸ್ವಲ್ಪ ಸಪ್ಪೆ ಇದ್ದರೂ ಜನ ಕಥೆಯಲ್ಲಿ ಮುಳುಗುತ್ತಾರೆ. ಮಾತು ಅರ್ಥವಾಗದಿದ್ದರೆ ಅರ್ಧ ಗಂಟೆಯಲ್ಲಿ ಮೊಬೈಲ್ ತೆಗೆಯುತ್ತಾರೆ.

ಕೋಣೆಯೊಳಗೆ ಸ್ಪೀಕರ್‌ಗೆ ಗೋಡೆ, ಸೂರು, ನೆಲ ಎಲ್ಲ ಕೈಜೋಡಿಸುತ್ತವೆ. ಹೋದ ಸದ್ದು ಬಡಿದು ವಾಪಸ್ ಬರುತ್ತದೆ. ಬಯಲಿನಲ್ಲಿ ಹೋದ ಸದ್ದು ಹೋಯಿತು. ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ನಿಮ್ಮ ಮೊದಲ ಸಾಲು ಸ್ಪೀಕರ್‌ನಿಂದ 2 ಮೀಟರ್‌ನಲ್ಲಿ, ಕೊನೆಯ ಸಾಲು 8 ಮೀಟರ್‌ನಲ್ಲಿ ಇತ್ತು ಅಂದುಕೊಳ್ಳಿ. ಇಬ್ಬರ ನಡುವೆ 12 ಡೆಸಿಬೆಲ್ ವ್ಯತ್ಯಾಸ. ಅದನ್ನು ವ್ಯಾಟ್ ಲೆಕ್ಕದಲ್ಲಿ ಹೇಳಿದರೆ 16 ಪಟ್ಟು. ಹಿಂದಿನವರಿಗೆ ಸರಿಹೋಗುವಷ್ಟು ವಾಲ್ಯೂಮ್ ಏರಿಸಿದರೆ ಮುಂದಿನವರು ಕಿವಿ ಮುಚ್ಚಿಕೊಳ್ಳದೆ ಇನ್ನೇನು ಮಾಡಿಯಾರು? ಯಾವ ಸ್ಪೀಕರ್ ತಂದರೂ ಇದು ಬದಲಾಗುವುದಿಲ್ಲ. ಬದಲಾಗಬೇಕಾದ್ದು ದೂರಗಳ ಅನುಪಾತ. ಮೊದಲ ಸಾಲನ್ನು 3 ಮೀಟರ್‌ಗೆ ತಳ್ಳಿ, ಕೊನೆಯ ಸಾಲನ್ನು ಐದೂವರೆಗೆ ಎಳೆದುಕೊಳ್ಳಿ. ವ್ಯತ್ಯಾಸ 5 ಡೆಸಿಬೆಲ್ ಆಸುಪಾಸಿಗೆ ಬಂತು.

ಮುಂದಿನ ಹೆಜ್ಜೆ, ಸ್ಪೀಕರನ್ನು ನೆಲದಿಂದ ಎತ್ತಿ. ಸ, ಶ, ಚ, ತ ಇಂಥ ವ್ಯಂಜನಗಳ ಗುರುತು ಇರುವುದು ಸದ್ದಿನ ಮೇಲಿನ ಸ್ತರದಲ್ಲಿ. ಆ ತೆಳು ಸದ್ದು ಬೆಳಕಿನ ಹಾಗೆ ನೇರ ಹೋಗುತ್ತದೆ, ಅಡ್ಡ ಬಂದವರ ಮೈ, ಹುಲ್ಲು, ಹೊದಿಕೆ ಅದನ್ನು ಹೀರಿಬಿಡುತ್ತವೆ. ದಪ್ಪ ಸದ್ದು ಹೇಗೋ ಸುತ್ತಿ ಬಳಸಿ ಹಿಂದೆ ತಲುಪುತ್ತದೆ. ಹಾಗಾಗಿ ಹಿಂದಿನವರಿಗೆ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಸ್ಪೀಕರನ್ನು ಸ್ಟ್ಯಾಂಡ್ ಮೇಲೆ ಎರಡು ಮೀಟರ್ ಎತ್ತರಕ್ಕೆ ಏರಿಸಿ, ಮೂತಿಯನ್ನು ಕೊನೆಯ ಸಾಲಿನವರ ಮುಖಕ್ಕೆ ಗುರಿ ಮಾಡಿ ಸ್ವಲ್ಪ ಕೆಳಕ್ಕೆ ಬಾಗಿಸಿ. ಮುಂದಿನವರ ತಲೆಯ ಮೇಲಿಂದ ಹಾದುಹೋಗುವುದರಿಂದ ಅವರಿಗೂ ಅಬ್ಬರ ಕಡಿಮೆಯಾಗುತ್ತದೆ.

ಎಷ್ಟು ದೊಡ್ಡ ಸ್ಪೀಕರ್? ಕೊನೆಯ ಸಾಲಿನಲ್ಲಿ ಮಾತು 70 ಡೆಸಿಬೆಲ್ ಇದ್ದರೆ ಬಯಲಿಗೆ ಚೆನ್ನ. ಆರು ಮೀಟರ್ ದೂರಕ್ಕೆ ಅಷ್ಟು ತಲುಪಬೇಕಾದರೆ ಸ್ಪೀಕರ್‌ನ ಒಂದು ಮೀಟರ್ ಮುಂದೆ 86 ಇರಬೇಕು. ಬಾಂಬು, ಗುಡುಗು, ಕ್ಲೈಮ್ಯಾಕ್ಸ್ ಬಂದಾಗ ಒಡೆಯದಿರಲು ಇನ್ನೊಂದು 20 ಸೇರಿಸಿ, 106. ಕೈಯಲ್ಲಿ ಹಿಡಿಯುವ ಬ್ಲೂಟೂತ್ ಸ್ಪೀಕರ್‌ಗೆ ಇದು ಆಗದ ಕೆಲಸ. ಆದರೆ 8 ಅಥವಾ 10 ಇಂಚಿನ ವೂಫರ್ ಇರುವ, ಆಂಪ್ಲಿಫೈಯರ್ ಒಳಗೇ ಇರುವ ಒಂದು ಪಿಎ ಸ್ಪೀಕರ್ (ಸಭೆ-ಸಮಾರಂಭಗಳಲ್ಲಿ ಬಳಸುವಂಥದ್ದು) ಇದನ್ನು ನೀರು ಕುಡಿದಂತೆ ಮಾಡುತ್ತದೆ. ಕೊಳ್ಳುವಾಗ ವ್ಯಾಟ್ ನೋಡಬೇಡಿ. ವ್ಯಾಟ್ ದುಪ್ಪಟ್ಟಾದರೂ ಸಿಗುವುದು 3 ಡೆಸಿಬೆಲ್ ಮಾತ್ರ. ಅದರ ಮೇಲೆ ‘ಪಿಎಂಪಿಒ’ ಎಂದು ಬರೆದ ವ್ಯಾಟಂತೂ ಆ 9,000 ಲ್ಯೂಮೆನ್‌ನ ಅಣ್ಣ. ‘ಮ್ಯಾಕ್ಸ್ ಎಸ್‌ಪಿಎಲ್’, ಅಂದರೆ ಅದು ಹೊರಡಿಸಬಲ್ಲ ಅತಿ ಜೋರು ಸದ್ದು, ಎಷ್ಟು ಡೆಸಿಬೆಲ್ ಎಂದು ಕೇಳಿ.

ಒಂದೇ ಸ್ಪೀಕರ್ ಸಾಕಾ ಎಂದು ಕೇಳುತ್ತೀರಿ. ಸಾಕು. ನೀವು ಎರಡು ಇಟ್ಟರೂ ಎರಡಕ್ಕೂ ಮೊನೊ, ಅಂದರೆ ಒಂದೇ ಸದ್ದನ್ನು ಕೊಡಿ ಎನ್ನುತ್ತೇನೆ. ಸ್ಟೀರಿಯೊ ಚಂದ ಕೇಳುವುದು ನಡುಮಧ್ಯೆ ಕೂತವರಿಗೆ ಮಾತ್ರ. ಎಡ ತುದಿಯಲ್ಲಿ ಕೂತವರಿಗೆ ಬಲಗಡೆಯ ಸದ್ದು ಸರಿಯಾಗಿ ಕೇಳುವುದಿಲ್ಲ, ಅರ್ಧ ಸಿನಿಮಾ ಹೋದ ಹಾಗೆ. ಸಬ್‌ವೂಫರ್ ಬೇಡವೇ ಬೇಡ. ದಪ್ಪ ಸದ್ದು ಎಲ್ಲ ದಿಕ್ಕಿಗೂ ಹರಡಿ ಗೋಡೆ ತೂರಿ ನೆರೆಯವರ ಮಂಚ ಅಲುಗಿಸುತ್ತದೆ. ಅವರ ಮನೆಗೆ ತಲುಪುವುದು ದಢ್ ದಢ್ ಮಾತ್ರ, ಸಿನಿಮಾ ಅಲ್ಲ. ಸಿಟ್ಟು ಬರುವುದು ಸಹಜ. ಬೇಸ್ ಅನ್ನು ಸ್ವಲ್ಪ ತಗ್ಗಿಸಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ ಎಂಬುದು ಬೋನಸ್ಸು. ಸಾಧ್ಯವಾದರೆ ಅಂಗಳದ ಆಚೆ ತುದಿಯಲ್ಲಿ ಪರದೆ ಕಟ್ಟಿ, ನಿಮ್ಮ ಮನೆಯ ಗೋಡೆಗೆ ಬೆನ್ನು ಮಾಡಿ ಜನ ಕೂರಿಸಿ. ಸದ್ದು ನಿಮ್ಮ ಗೋಡೆಗೇ ಬಡಿದು ನಿಲ್ಲುತ್ತದೆ. ಜನ ಗೋಡೆಯಿಂದ ಎರಡು ಮೀಟರ್ ಒಳಗಿದ್ದರೆ ಮರಳಿ ಬರುವ ಸದ್ದು 12 ಮಿಲಿಸೆಕೆಂಡಿನಲ್ಲಿ ಬಂದು ಮಾತಿಗೆ ಬಲ ಕೊಡುತ್ತದೆ. ಗೋಡೆ 15 ಮೀಟರ್ ಹಿಂದಿದ್ದರೆ ಅದೇ ಸದ್ದು ಪ್ರತಿಧ್ವನಿಯಾಗಿ ಕಾಡುತ್ತದೆ.

ಇನ್ನು ತುಟಿಗೆ ಮಾತು ಕೂಡದ ವಿಚಾರ. ಅದು ಬ್ಲೂಟೂತ್‌ನದೇ ಕರಾಮತ್ತು. ಸದ್ದನ್ನು ಅದುಮಿ, ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಸಾಮಾನ್ಯ ಬ್ಲೂಟೂತ್ 150ರಿಂದ 250 ಮಿಲಿಸೆಕೆಂಡ್ ತಿಂದುಬಿಡುತ್ತದೆ. ಸದ್ದು 45 ಮಿಲಿಸೆಕೆಂಡ್ ಮುಂಚೆ ಬಂದರೂ ನಮಗೆ ಗೊತ್ತಾಗಿಬಿಡುತ್ತದೆ, ತಡವಾಗಿ ಬಂದರೆ 125ರವರೆಗೂ ಗೊತ್ತಾಗುವುದಿಲ್ಲ ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ತಡವನ್ನು ನಾವು ಸಹಿಸುವುದಕ್ಕೆ ಕಾರಣವಿದೆ. ದೂರದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ, ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಮೀಟರ್‌ಗೆ 3 ಮಿಲಿಸೆಕೆಂಡ್ ತಡ. ಕಿವಿಗೆ ಅದು ಹುಟ್ಟಿನಿಂದ ರೂಢಿ. ಆದರೆ 200 ಜಾಸ್ತಿಯಾಯಿತು. ಮದ್ದು ಒಂದೇ, ವೈರ್ ಎಳೆಯಿರಿ. ಪ್ರೊಜೆಕ್ಟರ್ ಅಥವಾ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಸ್ಪೀಕರ್‌ಗೆ ಒಂದು ಕೇಬಲ್. ಬ್ಲೂಟೂತ್ ಬಿಟ್ಟರೆ ಗತಿಯಿಲ್ಲ ಅಂದರೆ ವಿಂಡೋಸ್ ಲ್ಯಾಪ್‌ಟಾಪ್‌ನ ವಿಎಲ್‌ಸಿ ಪ್ಲೇಯರ್‌ನಲ್ಲಿ ಸಿನಿಮಾ ಓಡಿಸಿ ‘ಜೆ’ ಕೀ ಒತ್ತಿ. ಒಂದೊಂದು ಸಲ ಒತ್ತಿದಾಗಲೂ ಸದ್ದು 50 ಮಿಲಿಸೆಕೆಂಡ್ ಬೇಗ ಬರುತ್ತದೆ. ನಾಲ್ಕು ಸಲ ಒತ್ತಿ, ತುಟಿ ನೋಡಿ, ಹೆಚ್ಚುಕಮ್ಮಿ ಮಾಡಿ. ಜಾಸ್ತಿ ಒತ್ತಿದರೆ ‘ಕೆ’ ಕೀ ಹಿಂದಕ್ಕೆ ತರುತ್ತದೆ.

ಇನ್ನೊಂದು ಬಲೆ ಇದೆ, ಅದರಲ್ಲಿ ನಾನೇ ಬಿದ್ದಿದ್ದೇನೆ. ಮೊದಲ ಸಲ ಬಯಲಿನಲ್ಲಿ ಸಿನಿಮಾ ಹಾಕಿದಾಗ ಸಂಗೀತ ಭೋರ್ಗರೆಯುತ್ತಿತ್ತು, ನಟರು ಮಾತ್ರ ಸುಮ್ನೆ ತುಟಿ ಆಡಿಸುತ್ತಿದ್ದರು. ಸ್ಪೀಕರ್ ಕೆಟ್ಟಿತು ಅಂದುಕೊಂಡು ಅರ್ಧ ಗಂಟೆ ವೈರ್ ಕಿತ್ತು ಹಾಕಿದೆ. ಕೆಟ್ಟಿದ್ದು ಏನೂ ಇರಲಿಲ್ಲ. ಸಿನಿಮಾದ ಸದ್ದು 5.1ರಲ್ಲಿ, ಅಂದರೆ ಆರು ಚಾನೆಲ್‌ಗಳಲ್ಲಿತ್ತು. ಅದರಲ್ಲಿ ಮಾತು ಬಹುಪಾಲು ನಡುವಿನ ಚಾನೆಲ್‌ನಲ್ಲಿರುತ್ತದೆ. ಪ್ಲೇಯರ್ ಎಡ, ಬಲದ ಚಾನೆಲ್ ಮಾತ್ರ ಸ್ಪೀಕರ್‌ಗೆ ಕಳಿಸಿ ನಡುವಿನದನ್ನು ಬಿಟ್ಟುಬಿಟ್ಟಿತ್ತು. ಆಡಿಯೊ ಸೆಟ್ಟಿಂಗ್‌ನಲ್ಲಿ ‘ಸ್ಟೀರಿಯೊ’ (ನಡುವಿನದನ್ನೂ ಎಡ, ಬಲಕ್ಕೆ ಬೆರೆಸುವ ಆಯ್ಕೆ) ಎಂದು ಆರಿಸಿದ ಕೂಡಲೇ ಎಲ್ಲರಿಗೂ ಬಾಯಿ ಬಂತು. ಜೊತೆಗೆ ‘ನೈಟ್ ಮೋಡ್’ ಅಥವಾ ‘ಡೈನಮಿಕ್ ರೇಂಜ್’ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಪಿಸುಮಾತು ಮೇಲೇಳುತ್ತದೆ, ಅಬ್ಬರ ತಗ್ಗುತ್ತದೆ. ಮನೆಯೊಳಗೆ ಇದನ್ನು ನಾನು ಹಾಕುವುದಿಲ್ಲ, ಬಯಲಿನಲ್ಲಿ ಬಿಡುವುದಿಲ್ಲ.

ವೈರ್ ಎಳೆದ ಮೇಲೆ ಗುಂಯ್ ಎಂಬ ಸದ್ದು ಶುರುವಾದರೆ ಗಾಬರಿ ಬೇಡ. ಲ್ಯಾಪ್‌ಟಾಪ್ ಚಾರ್ಜರ್ ಒಂದು ಪ್ಲಗ್‌ನಲ್ಲಿ, ಸ್ಪೀಕರ್ ಇನ್ನೆಲ್ಲೋ ಇದ್ದಾಗ ಎರಡೂ ಕಡೆಯ ಅರ್ಥಿಂಗ್ ನಡುವೆ ಸುತ್ತುವ ಕರೆಂಟು ಅದು. ಎಲ್ಲವನ್ನೂ ಒಂದೇ ಬೋರ್ಡಿಗೆ ತನ್ನಿ. ಆಗಲೂ ಹೋಗದಿದ್ದರೆ ಆಡಿಯೊ ಕೇಬಲ್ ಮಧ್ಯೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಅರ್ಥಿಂಗ್ ಪಿನ್ ಮುರಿದರೆ ಸದ್ದು ನಿಲ್ಲುತ್ತದೆ ಎಂದು ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ. ಸದ್ದೇನೋ ನಿಲ್ಲುತ್ತದೆ, ಆದರೆ ಶಾಕ್ ಹೊಡೆಯದಂತೆ ಕಾಯುತ್ತಿದ್ದದ್ದೂ ಅದೇ ಪಿನ್.

ಕರೆಂಟಿನ ವಿಚಾರದಲ್ಲಿ ನಾನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ. ಹಸಿ ಹುಲ್ಲು, ಬರಿಗಾಲು, ಮಕ್ಕಳು, ಕತ್ತಲೆ, ಎಲ್ಲ ಒಂದೇ ಕಡೆ ಇವೆ. ಮೂರು ಪಿನ್ನಿನ, ಹೊರಗೆ ಬಳಸಲೆಂದೇ ಮಾಡಿದ ಎಕ್ಸ್‌ಟೆನ್ಷನ್ ಕೇಬಲ್ಲೇ ಬೇಕು. ಕರೆಂಟು ಬರುವ ಲೈನಿಗೆ, ಸೋರಿಕೆ 30 ಮಿಲಿಆಂಪಿಯರ್ ಮುಟ್ಟಿದ ಕೂಡಲೇ ಕಡಿದುಹಾಕುವ ಆರ್‌ಸಿಸಿಬಿ ಇರಬೇಕು. ಅದರ ಟೆಸ್ಟ್ ಬಟನ್ ಒತ್ತಿ, ಬೀಳುತ್ತದಾ ನೋಡಿ, ಆಮೇಲೆ ಮಿಕ್ಕ ಕೆಲಸ. ಕೇಬಲ್ ಡ್ರಮ್ಮಿನಲ್ಲಿ ಸುತ್ತಿದ್ದರೆ ಪೂರ್ತಿ ಬಿಚ್ಚಿ, ಸುತ್ತಿದ ಹಾಗೇ ಬಿಟ್ಟರೆ ಒಳಗೊಳಗೇ ಬಿಸಿಯಾಗುತ್ತದೆ. ಜೋಡಣೆಗಳು ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲಿರಲಿ. ಬ್ಯಾಟರಿ ಪವರ್ ಸ್ಟೇಷನ್ ಇದ್ದರೆ ಈ ತಲೆನೋವೇ ಇಲ್ಲ. ಪ್ರೊಜೆಕ್ಟರ್, ಸ್ಪೀಕರ್ ಸೇರಿ 150 ವ್ಯಾಟ್ ಎಳೆದರೆ 500 ವ್ಯಾಟ್-ಅವರ್‌ನ ಬ್ಯಾಟರಿ ನಷ್ಟ ಕಳೆದು ಎರಡೂಮುಕ್ಕಾಲು ಗಂಟೆ ಬರುತ್ತದೆ. ಹಳೆ ಲ್ಯಾಂಪ್ ಪ್ರೊಜೆಕ್ಟರ್ ಆದರೆ ಅದೊಂದೇ 250–350 ವ್ಯಾಟ್ ಕೇಳುತ್ತದೆ, ಲೆಕ್ಕ ಬದಲಾಗುತ್ತದೆ.

ಸಿನಿಮಾವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಂಗಳಕ್ಕೆ ಬರುವಷ್ಟರಲ್ಲಿ ವೈಫೈ ಸೊರಗಿರುತ್ತದೆ. ಫೋನಿನ ಸ್ಕ್ರೀನನ್ನು ಪ್ರೊಜೆಕ್ಟರ್‌ಗೆ ಹಾಯಿಸಿದರೆ ಕೆಲವು ಒಟಿಟಿ ಆ್ಯಪ್‌ಗಳಲ್ಲಿ ಸದ್ದು ಬರುತ್ತದೆ, ಚಿತ್ರ ಕಪ್ಪಾಗಿರುತ್ತದೆ. ಅದು ನಕಲು ತಡೆಯುವ ಬೀಗ, ನಿಮ್ಮ ಉಪಕರಣದ ತಪ್ಪಲ್ಲ. ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮನೆಮಂದಿ, ನೆಂಟರು ಕೂತು ನೋಡುವುದು ಒಂದು. ಬೋರ್ಡ್ ಹಾಕಿ ಊರವರನ್ನೆಲ್ಲ ಕರೆದರೆ, ದುಡ್ಡು ತೆಗೆದುಕೊಳ್ಳದಿದ್ದರೂ, ಅದು ಸಾರ್ವಜನಿಕ ಪ್ರದರ್ಶನ ಅನ್ನಿಸಿಕೊಂಡು ಹಕ್ಕುದಾರರ ಅನುಮತಿ ಬೇಕಾಗುತ್ತದೆ.

ಹುಳಗಳು ಬರುತ್ತವೆ. ಅಂಗಳದ ದೂರದ ಮೂಲೆಯಲ್ಲಿ, ಪರದೆಗೆ ಬೆಳಕು ತಾಗದ ಕಡೆ, ಒಂದು ಬಿಳಿ ದೀಪ ಹಚ್ಚಿಟ್ಟರೆ ಒಂದಷ್ಟು ಆ ಕಡೆ ಹೋಗುತ್ತವೆ. ಹುಳ ಹೋಗದಿರಲಿ ಎಂದು ಪ್ರೊಜೆಕ್ಟರ್‌ನ ಗಾಳಿಕಿಂಡಿಗೆ ಬಟ್ಟೆ ಕಟ್ಟಬೇಡಿ, ಉಸಿರುಕಟ್ಟಿ ಬಿಸಿಯಾಗುತ್ತದೆ. ಲ್ಯಾಂಪ್ ಪ್ರೊಜೆಕ್ಟರ್ ಆದರೆ ಸಿನಿಮಾ ಮುಗಿದ ಕೂಡಲೇ ಪ್ಲಗ್ ಕೀಳದೆ ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾಯಿರಿ.

ಇಷ್ಟೂ ಓದಿ, ನಿಮ್ಮ ಮೂಲ ಪ್ರಶ್ನೆಗೆ ಬಂದರೆ, ಮುಂದಿನ ತಿಂಗಳು ಇರುವ ಪ್ರೊಜೆಕ್ಟರ್‌ನಲ್ಲೇ 100 ಇಂಚು ಹಾಕಿ. ಖರ್ಚು ಮಾಡುವುದಿದ್ದರೆ ಒಂದು ಪಿಎ ಸ್ಪೀಕರ್, ಒಂದು ಸ್ಟ್ಯಾಂಡ್, ಒಂದು ಆಡಿಯೊ ಕೇಬಲ್, ಬೆಳಕು ತೂರದ ಬಟ್ಟೆ. ಸದ್ದನ್ನು ಹಿಂದಿನ ದಿನ ಹಗಲಲ್ಲೇ ಪರೀಕ್ಷೆ ಮಾಡಿ: ಒಬ್ಬರು ಕೊನೆಯ ಸಾಲಿನ ತುದಿಯಲ್ಲಿ ಕೂತು, ನೋಡದ ಸಿನಿಮಾದ ಒಂದು ಸಂಭಾಷಣೆಯನ್ನು ಕಣ್ಣು ಮುಚ್ಚಿ ಕೇಳಿ ತಿರುಗಿ ಹೇಳಬೇಕು. ಹೇಳಲು ಬಂದರೆ ಸ್ಪೀಕರ್ ಸರಿಯಾದ ಜಾಗದಲ್ಲಿದೆ. ಇದೆಲ್ಲ ಆಗಿ, ದೀಪಗಳೂ ಆರಿ, ಆಮೇಲೂ 150 ಇಂಚೇ ಬೇಕು ಅನ್ನಿಸಿದರೆ ಆಗ 1,900 ಆನ್ಸಿ ಲ್ಯೂಮೆನ್ ಮೇಲ್ಪಟ್ಟ ಪ್ರೊಜೆಕ್ಟರ್ ಹುಡುಕಲು ಹೊರಡಿ. ಜೊತೆಗೆ ಇನ್ನೂ ನಾಲ್ಕು ಗೂಟ ತನ್ನಿ.